ಮರೆತಂತೆ

"ಆಗ ಹೇಳಿದ್ದ ಮೂರು ಮಾತು ಯಾವು, ಆಯಿ? ಸಾವಕಾಶ ನೆನಪ ಮಾಡ್ಕೊರಿ," ಎಂದಳು ಶಿವಾನಿ.

ಕೊಡ, ಗುಬ್ಬಿ, ಬೆಲ್ಲ. ಮೂರೂ ಕೆಂಚವ್ವನ ನಾಲಗೆಯ ತುದಿಯಲ್ಲೇ ಇದ್ದವು. ಆದರೂ ಅವಳು ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಯಾಕೋ ಹೊಳೀವಲ್ದು ನೋಡವಾ," ಎಂದಳು.

ಶಿವಾನಿ ಗೋಕಾಕ, ಮೂಡಲಗಿ ಊರುಗಳ ಕೆಲಸ ಮುಗಿಸಿ ಹುಕ್ಕೇರಿಗೆ ಬಂದವಳು. ವಯಸ್ಸಾದವರ ಮರೆವನ್ನು ನಾಲ್ಕಾರು ಪ್ರಶ್ನೆಗಳಲ್ಲೇ ಗುರುತಿಸುವ ಪರೀಕ್ಷೆಯೊಂದು ನಂಬಿಕೆಗೆ ಅರ್ಹವೇ ಎಂದು ತಿಳಿಯಲು, ಒಮ್ಮೆ ಕೇಳಿದ್ದನ್ನೇ ಕೆಲವು ದಿನ ಬಿಟ್ಟು ಮತ್ತೆ ಕೇಳುವುದು ಅವಳ ಕೆಲಸ. ಮೊದಲ ಸಲ ಕೆಂಚವ್ವ ಒಂದನ್ನೂ ತಪ್ಪಿರಲಿಲ್ಲ. ಆಮೇಲೆ ಚಹಾ ಕುಡಿಯುತ್ತ ತನ್ನ ತವರು ಹತ್ತರಗಿಯ ಸುದ್ದಿಯನ್ನೆಲ್ಲ ಹೇಳಿದಾಗ ಆ ಹುಡುಗಿ ಗಲ್ಲಕ್ಕೆ ಕೈಕೊಟ್ಟು ಕೇಳಿದ್ದಳು. ಹೊರಡುವಾಗ, "ಇನ್ನೊಂದ ಸಲ ಬಂದ್ರ ಮುಗೀತ್ರಿ. ಮರವು ಇದ್ದವ್ರ ಮನಿಗಷ್ಟ ಮ್ಯಾಲಿಂದ ಮ್ಯಾಲ ಬರ್ತಾರ," ಎಂದು ನಕ್ಕಿದ್ದಳು.

ಮನೆಯಲ್ಲಿ ಜನಕ್ಕೇನೂ ಕೊರತೆಯಿರಲಿಲ್ಲ. ಮೋಟಾರು ರಿಪೇರಿ ಮಾಡುವ ಮಗ ಈಶ್ವರ ಊಟಕ್ಕೆ ಬಂದಾಗಲೂ ಫೋನು ಕಿವಿಗೆ ಅಂಟಿಕೊಂಡೇ ಇರುತ್ತಿತ್ತು. ಸೊಸೆ ಶೈಲಾ ಶಾಲೆಯಲ್ಲಿ ಕಲಿಸಿ ಬರುವಷ್ಟರಲ್ಲಿ ಬಸವಳಿದಿರುತ್ತಿದ್ದಳು. ಕೆಟ್ಟವರಲ್ಲ. "ಊಟಾ ಆತಿಲ್ಲೊ?" ಎಂದು ಇಬ್ಬರೂ ಕೇಳುತ್ತಿದ್ದರು, ಉತ್ತರಕ್ಕೆ ನಿಲ್ಲುತ್ತಿರಲಿಲ್ಲ.

ಈ ಸಲ ಶಿವಾನಿ ಚಹಾ ಮುಟ್ಟಲಿಲ್ಲ. ಒಳಗೆ ಹೋಗಿ ಈಶ್ವರನೊಡನೆ ತಗ್ಗಿದ ದನಿಯಲ್ಲಿ ಏನೋ ಮಾತಾಡಿ ಬಂದಳು. "ದೊಡ್ಡ ಡಾಕ್ಟರಿಗೆ ಒಮ್ಮೆ ತೋರಸ್ರಿ, ಆಯಿ."

"ನೀ ಮತ್ತ ಯಾವಾಗ ಬರ್ತಿ?"

"ನಂದಿಲ್ಲಿ ಮುಗೀತ್ರಿ. ಇನ್ಮ್ಯಾಲ ದವಾಖಾನಿಯವ್ರು ಬರ್ತಾರ." ಅವಳು ಕೆಂಚವ್ವನ ಬೆನ್ನು ಸವರಿ ಚಪ್ಪಲಿ ಮೆಟ್ಟಿದಳು.

ಮರುದಿನದಿಂದ ಕೆಂಚವ್ವನನ್ನು ಒಲೆಯ ಹತ್ತಿರ ಬಿಡಲಿಲ್ಲ. ಬಜಾರಕ್ಕೆ ಹೊರಟರೆ ಬಾಗಿಲಲ್ಲೇ ತಡೆದರು. ಬೆಳಿಗ್ಗೆ ಎದ್ದೊಡನೆ ಶೈಲಾ ಎದುರು ಕುಳಿತು, ಶಾಲೆಯ ಚಿಕ್ಕವರಿಗೆ ಹೇಳುವಂತೆ ಗಟ್ಟಿಯಾಗಿ, "ಅತ್ತಿ, ಇವತ್ತ ಗುರುವಾರ. ಗು-ರು-ವಾ-ರ," ಎನ್ನುತ್ತಿದ್ದಳು.

ಕೆಂಚವ್ವನಿಗೆ ತಡೆಯಲಾಗಲಿಲ್ಲ. "ನಾ ಬೇಕಂತ ಹಂಗ ಅಂದೆ, ಶೈಲಾ. ಎಲ್ಲಾ ಗೊತ್ತಿತ್ತ ನನಗ. ಕೊಡ, ಗುಬ್ಬಿ, ಬೆಲ್ಲ. ಬೇಕಾರ ಕೇಳು."

ಶೈಲಾಳಿಗೆ ಆ ಮೂರು ಮಾತು ಯಾವುವೆಂದು ಗೊತ್ತಿರಲಿಲ್ಲ. ಗುಬ್ಬಿ, ಬೆಲ್ಲ ಎಂದು ಬಡಬಡಿಸುವ ಅತ್ತೆಯನ್ನು ನೋಡಿ ಅವಳ ಕಣ್ಣು ತುಂಬಿ ಬಂತು. "ಹೂಂ ರಿ ಅತ್ತಿ, ಖರೆ ಐತಿ," ಎಂದು ಅತ್ತೆಯ ಕೆದರಿದ ಕೂದಲನ್ನು ಕಿವಿಯ ಹಿಂದೆ ಸರಿಸಿದಳು.

ಸೋಮವಾರ ಈಶ್ವರ ಅಂಗಡಿ ಮುಚ್ಚಿ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೊರಟ. ಬಜಾರದ ಗದ್ದಲದಲ್ಲಿ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಅವಳ ಮುಂಗೈ. ಮೋಟಾರಿನ ತಂತಿಗೆ ಬಳಿಯುವ ವಾರ್ನಿಶ್ ಅಂಟಿ ಒರಟಾದ ಅಂಗೈ, ಬೆಚ್ಚಗಿತ್ತು.

"ಈ ಬಾಜೂ, ಅವ್ವಾ," ಎಂದ, ಅವಳು ಮದುವೆಯಾಗಿ ಬಂದಂದಿನಿಂದ ತಿರುಗುತ್ತಿದ್ದ ತಿರುವಿನಲ್ಲಿ.

"ಈಶ್ವರಾ, ನನಗ ಹಾದಿ ಗೊತ್ತೈತೋ."

"ಹೂಂ, ಹೂಂ. ನಡಿ." ಅವನು ಫೋನಿನಲ್ಲಿ ಮಾತು ಮುಂದುವರಿಸಿದ, ಕೈ ಬಿಡಲಿಲ್ಲ.

ದವಾಖಾನೆಯ ಬೋರ್ಡು ಕಾಣಿಸಿತು. ಮಗನ ಬೆಚ್ಚಗಿನ ಕೈಯೊಳಗೆ ತನ್ನ ಕೈಯನ್ನು ಹಾಗೇ ಬಿಟ್ಟು, ಕೆಂಚವ್ವ ಹೆಜ್ಜೆಯನ್ನು ಸಣ್ಣದು ಮಾಡಿದಳು.