ಮೊದಲು ಗಾಯ, ಆಮೇಲೆ ಪಟ್ಟಿ

ನಾನು ಗ್ರಂಥಾಲಯದ ಬೈಂಡರ್. ಪುಸ್ತಕ ಹೊಲಿಯುವುದಷ್ಟೇ ನಿಮ್ಮ ಕೆಲಸ, ಓದುವುದಲ್ಲ ಎಂದು ಮೇಲ್ವಿಚಾರಕರು ನೂರು ಸಲ ಹೇಳಿದ್ದಾರೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದೇನೆ. ಇನ್ನೊಂದು ತಪ್ಪಾದರೆ ಮನೆಗೆ ಕಳಿಸುತ್ತೇನೆ ಎಂದದ್ದು ಮಾತ್ರ ನೆನಪಿದೆ.

ಈಚೆಗೆ ಕಪಾಟಿನಿಂದ ತೆಗೆದು ಓದಿದ ಒಂದು ಕಾದಂಬರಿಯಲ್ಲಿ ಕಥೆ ಎಂಬುದೇ ಇಲ್ಲ. ಒಬ್ಬ ಹೆಂಗಸು, ಅವಳ ಒಂದು ದಿನ, ತಲೆಯೊಳಗೆ ಹರಿಯುವ ಮಾತು. ಪಾತ್ರೆ ತಿಕ್ಕುತ್ತ ಸತ್ತ ಅಕ್ಕನನ್ನು ಬೈಯುತ್ತಾಳೆ, ಬೈಯುತ್ತಲೇ ಅಳುತ್ತಾಳೆ. ನನಗೂ ಒಬ್ಬ ಅಕ್ಕ ಇದ್ದಳು. ಮೂರು ಸಲ ಓದಿದೆ.

ಮೂರನೆಯ ಸಲ ತಪ್ಪು ಕಣ್ಣಿಗೆ ಬಿತ್ತು. ಹೆಂಗಸಿನ ಬೆರಳಿಗೆ ಮೊದಲು ಪಟ್ಟಿ, ಹದಿನೈದು ಹಾಳೆ ದಾಟಿದ ಮೇಲೆ ಗಾಯ! ಹೋದ ವರ್ಷ ಆ ಪುಸ್ತಕವನ್ನು ಬಿಚ್ಚಿ ಕಟ್ಟಿದವಳು ನಾನೇ. ಹೊಲಿಯುವಾಗ ಹದಿನಾರು ಪುಟಗಳ ಕಟ್ಟೊಂದು, ನಾವು ಮಡಿಕೆ ಎನ್ನುವುದು, ಹಿಂದುಮುಂದಾಗಿತ್ತು. ಆಮೇಲೆ ಅಂಚನ್ನು ಜಾಸ್ತಿ ಕತ್ತರಿಸಿ ಪುಟಸಂಖ್ಯೆಗಳನ್ನೂ ಹಾರಿಸಿದ್ದೆ. ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

ಗ್ರಂಥಾಲಯದ ಓದುಗರ ಸಭೆಗೆ ಭಾಷಣಕ್ಕೆ ಬಂದ ಕಾಲೇಜಿನ ಮೇಷ್ಟ್ರು ಅದೇ ಪ್ರತಿ ಹಿಡಿದು ಮಾತಾಡಿದರು. ಗಾಯಕ್ಕೆ ಮೊದಲೇ ಪಟ್ಟಿ ಬರುವ ಜಾಗದಲ್ಲಿ ಕಾಲವೇ ಮುರಿದು ಬೀಳುತ್ತದಂತೆ. ಸಾಮಾನ್ಯ ಓದುಗರಿಗೆ ಇದು ದಕ್ಕದಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಸ್ಥಿತಿ ನನ್ನದು. ಬಾಯಿ ತೆರೆದರೆ ಹೊಟ್ಟೆಗೆ ತಣ್ಣೀರು ಬಟ್ಟೆ. ಆದರೆ ಆ ಹೆಂಗಸಿನ ಸಂಕಟವನ್ನು ಬರೀ ಬರವಣಿಗೆಯ ಜಾಣತನವೆಂದು ಕೊಂಡಾಡುವುದನ್ನು ಕೇಳಿ ನನಗೆ ಮೈಯೆಲ್ಲ ಉರಿಯಿತು. ಹಿಂದಿನ ಸಾಲಿನಿಂದ ಎದ್ದೆ.

"ಸರ್, ಮನಸ್ಸು ಎಲ್ಲಿಗೆ ಬೇಕಾದ್ರೂ ಹಾರುತ್ತೆ. ಬೆರಳು ಹಾರಲ್ಲ. ಕೊಯ್ದುಕೊಂಡ ಮೇಲೇ ಪಟ್ಟಿ ಕಟ್ಟೋದು. ಮಡಿಕೆ ತಪ್ಪಾಗಿ ಹೊಲಿದಿದ್ದು ನಾನು."

ಈ ಬಗೆಯ ಬರವಣಿಗೆ ನಿಮಗೆ ಹೊಸದಮ್ಮ ಎಂದು ಮೇಷ್ಟ್ರು ನಕ್ಕರು. ನಾನು ಅವರ ಕೈಯಿಂದ ಪುಸ್ತಕ ತೆಗೆದುಕೊಂಡೆ. ರಟ್ಟು ಬಿಡಿಸಿದೆ, ದಾರ ಕತ್ತರಿಸಿದೆ, ಮಡಿಕೆಯನ್ನು ಅದರ ಜಾಗಕ್ಕಿಟ್ಟು ಗಟ್ಟಿಯಾಗಿ ಓದಿದೆ. ಲೋಟ ಒಡೆಯಿತು, ರಕ್ತ ಬಂತು, ಒಂದೇ ಕೈಯಲ್ಲಿ ಪಟ್ಟಿ ಸುತ್ತಿಕೊಳ್ಳುವಾಗ ಗಂಟು ಹಾಕಲು ಅಕ್ಕ ಇಲ್ಲ ಎಂಬುದು ಅವಳಿಗೆ ಹೊಳೆಯಿತು. ಅಲ್ಲಿಂದಲೇ ಬೈಗುಳ ಶುರು. ಮುಂದಿನ ಸಾಲಿನ ಅಜ್ಜಿ ಕಣ್ಣೊರೆಸಿಕೊಂಡರು. ಮೇಷ್ಟ್ರು ನಗು ನಿಲ್ಲಿಸಿ ಹತ್ತಿರ ಬಂದು ಹಾಳೆ ನೋಡಿದರು.

"ನಾಳೆಯಿಂದ ನೀವು ಬರೋದು ಬೇಡ," ಎಂದರು ಬಾಗಿಲ ಬಳಿ ನಿಂತಿದ್ದ ಮೇಲ್ವಿಚಾರಕರು.

"ಬರಲ್ಲ ಸರ್. ಆದ್ರೆ ಇವತ್ತು ಇದನ್ನ ಹೊಲಿದೇ ಹೋಗೋದು."

ಅಲ್ಲೇ ಮೇಜಿನ ಮೇಲೆ ದಾರ ಪೋಣಿಸಿದೆ. ಮೇಷ್ಟ್ರು ಮಡಿಕೆ ಜಾರದಂತೆ ಒತ್ತಿ ಹಿಡಿದರು.

"ಬೆರಳು ಹುಷಾರು ಸರ್," ಎಂದೆ. "ಸೂಜಿ ಇದೆ."