ಐದನೇ ಫಾರಂ

ಒಂದು ಪುಸ್ತಕವನ್ನು ಯಾರಾದರೂ ಓದಿದ್ದಾರೋ ಇಲ್ಲವೋ ಎಂದು ತಿಳಿಯಬೇಕಾದರೆ ನಾನು ಯಾರನ್ನೂ ಕೇಳುವುದಿಲ್ಲ, ಅದರ ಬೆನ್ನು ನೋಡುತ್ತೇನೆ. ಯಾರೂ ಮುಟ್ಟದ ಪುಸ್ತಕದ ಬೆನ್ನು ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ ಸೆಟೆದುಕೊಂಡಿರುತ್ತದೆ. ಇಪ್ಪತ್ತು ಪುಟಕ್ಕೇ ಬೇಸರ ಬಂದು ಬಿಟ್ಟದ್ದಾದರೆ ಅಷ್ಟೇ ಭಾಗ ಸಡಿಲ, ಮಿಕ್ಕದ್ದು ಬಿಗಿ. ಕೊನೆತನಕ ಓದಿಸಿಕೊಂಡದ್ದು ಮಾತ್ರ ಹೊಲಿಗೆ ಬಿಟ್ಟು, ಮೂಲೆ ಮುದುರಿ, ಹತ್ತು ಮಕ್ಕಳ ತಾಯಿಯ ಹಾಗೆ ಸುಸ್ತಾಗಿ ನನ್ನ ಕೈಗೆ ಬರುತ್ತದೆ.

ನನ್ನದು ಬೈಂಡಿಂಗ್ ಕೆಲಸ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಸೂಜಿ ದಾರ ಹಿಡಿಯುವುದನ್ನು ಮಾವನವರು ಕಲಿಸಿದರು, ಮಿಕ್ಕ ವಿದ್ಯೆಯೆಲ್ಲ ರಿಪೇರಿಗೆ ಬಂದ ಪುಸ್ತಕಗಳಿಂದ ಸಿಕ್ಕಿದ್ದು. ನನ್ನ ನಾದಿನಿ ಹೈಸ್ಕೂಲಿನ ಲೈಬ್ರರಿ ಮೇಡಂ. ವಾರಕ್ಕೆರಡು ದಿನ ಅವಳ ಕೋಣೆಯ ಕಿಟಕಿ ಪಕ್ಕ ಅಂಟಿನ ಡಬ್ಬಿ ಇಟ್ಟುಕೊಂಡು ಕೂರುತ್ತೇನೆ. ಮೊದಮೊದಲು ಕೆಲಸವೇ ಇರುತ್ತಿರಲಿಲ್ಲ. ಹರಿಯುವಷ್ಟು ಓದುವವರು ಯಾರಿದ್ದರು?

ಅದರಲ್ಲೂ ಒಂಬತ್ತನೇ ತರಗತಿಯ ‘ಸಿ’ ಸೆಕ್ಷನ್ನಿನವರು! ಲೈಬ್ರರಿ ಪೀರಿಯಡ್ಡಿನಲ್ಲಿ ದಪ್ಪ ಪುಸ್ತಕಕ್ಕೆ ಭಾರೀ ಬೇಡಿಕೆ, ತಲೆದಿಂಬಿಗೆ ಚೆನ್ನಾಗಿರುತ್ತದೆಂದು. ಒಬ್ಬನಿಗಂತೂ ‘ಗೊರಕೆ’ ಎಂದೇ ಹೆಸರು ಬಿದ್ದಿತ್ತು. ಮಾತು ಮಾತಿಗೆ ಹೊತ್ತಿಕೊಳ್ಳುವ ಹುಡುಗಿಯೊಬ್ಬಳಿದ್ದಳು, ‘ಬೆಂಕಿಪೊಟ್ಟಣ’. “ಪುಸ್ತಕ ನೋಡಿದ್ರೇನೇ ತಲೆನೋವು ಬರುತ್ತೆ ಮೇಡಂ, ಡಾಕ್ಟರ್ ಚೀಟಿ ತರ್ಲಾ?” ಎಂದು ಕೇಳಿದವಳು ಅವಳೇ.

ಒಂದು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತು. ಗಲಾಟೆ ಅಡಗಿಸಲು ಏನೂ ತೋಚದೆ ನಾದಿನಿ ಕೈಗೆ ಸಿಕ್ಕ ತೆಳ್ಳನೆಯ ಪುಸ್ತಕವೊಂದನ್ನು ತೆಗೆದು ಜೋರಾಗಿ ಓದತೊಡಗಿದಳು. ಬರೆದವರು ಮೂವತ್ತು ವರ್ಷ ವಿದ್ಯುತ್ ಕಂಬ ಹತ್ತಿಳಿದು, ನಿವೃತ್ತರಾದ ಮೇಲೆ ಏಳು ಪುಸ್ತಕ ಬರೆದ ಒಬ್ಬ ಲೈನ್‌ಮನ್. ಕಥೆಯಲ್ಲಿ ಒಬ್ಬ ಕಂಬದ ತುದಿಯಲ್ಲಿ ತಂತಿ ಹಿಡಿದು ಕೂತಿದ್ದಾನೆ. ಕೆಳಗೆ ಹೊಸದಾಗಿ ಕೆಲಸಕ್ಕೆ ಸೇರಿದವನು ಮೇಲಕ್ಕೆ ನೋಡದೆಯೇ ಫೋನಿನಲ್ಲಿ, “ಆಯ್ತು, ಲೈನ್ ಕೊಡಿ, ಕರೆಂಟು ಬಿಡಿ” ಅನ್ನುತ್ತಿದ್ದಾನೆ. ಅಷ್ಟು ಹೊತ್ತಿಗೆ ಬೆಲ್ಲಾಯಿತು. ನಾದಿನಿ ಪುಸ್ತಕ ಮುಚ್ಚಿದಳು.

“ಮೇಡಂ! ಅವನು ಸತ್ನಾ?” ಗೊರಕೆ ಎದ್ದು ನಿಂತಿದ್ದ.

“ಪುಸ್ತಕದಲ್ಲಿದೆ.”

“ಒಂದೇ ಮಾತು ಹೇಳಿಬಿಡಿ ಮೇಡಂ. ಸತ್ನಾ, ಬದುಕಿದ್ನಾ?”

“ನಿಂಗೆ ಓದೋಕೆ ಬರುತ್ತಲ್ಲಪ್ಪ!”

ಗೊರಕೆ ಪುಸ್ತಕ ಕಿತ್ತುಕೊಂಡೇ ಹೋದ. ಮರುದಿನ ಕಣ್ಣು ಕೆಂಪಗೆ ಮಾಡಿಕೊಂಡು ಬಂದವನು ಯಾರಿಗೂ ಕಥೆ ಹೇಳಲಿಲ್ಲ. “ಹೇಳಲ್ಲ ಹೋಗ್ರೋ, ನೀವೇ ಓದ್ಕೊಳ್ಳಿ” ಎಂದು ಸತಾಯಿಸಿದ. ಹೊಟ್ಟೆಕಿಚ್ಚಿಗೇ ಒಬ್ಬೊಬ್ಬರಾಗಿ ಶುರು ಮಾಡಿದರು. ಒಂದು ಮುಗಿದರೆ ಇನ್ನೊಂದು. ಎರಡೇ ತಿಂಗಳಲ್ಲಿ ನಲವತ್ತೊಂದು ಮಕ್ಕಳು ಆ ಏಳು ಪುಸ್ತಕಗಳನ್ನು ಹಿಂಡಿಹಾಕಿದರು. ಅದೇನಿದೆಯಮ್ಮಾ ಅದರಲ್ಲಿ ಎಂದು ಬೆಂಕಿಪೊಟ್ಟಣವನ್ನು ಕೇಳಿದೆ.

“ಆಂಟಿ, ಈ ಲೈನ್‌ಮನ್ ತಾತ ಬುದ್ಧಿ ಹೇಳೋಕೆ ಬರಲ್ಲ. ಇದರಲ್ಲಿ ಅಪ್ಪಂದಿರು ನಮ್ಮಪ್ಪ ಬೈಯೋ ಥರಾನೇ ಬೈತಾರೆ. ಆಮೇಲೆ ನಮ್ಮಪ್ಪನ ಥರಾನೇ ಹೋಗಿ ಒಬ್ಬರೇ ಕೂತ್ಕೋತಾರೆ.”

ಯಾವ ದೊಡ್ಡವರೂ ಒಂದು ಪುಸ್ತಕದ ಬಗ್ಗೆ ಇಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿಲ್ಲ.

ಎಡವಟ್ಟಾಗಿದ್ದು ರಿಜಿಸ್ಟರಿನಲ್ಲಿ. ಮಕ್ಕಳು ಮುಗಿಬೀಳುತ್ತಿದ್ದುದರಿಂದ ಹೆಸರು, ತಾರೀಖು ಎಲ್ಲವನ್ನೂ ನಾದಿನಿಯೇ ಬರೆದುಕೊಳ್ಳುತ್ತಿದ್ದಳು. ಹೆಡ್‌ಮಾಸ್ಟರು ಒಂದು ದಿನ ಪುಟ ತಿರುವಿದರೆ ಏನು ಕಾಣಬೇಕು? ಎಲ್ಲ ಒಂದೇ ಕೈಬರಹ, ಎಲ್ಲ ಒಬ್ಬನೇ ಲೇಖಕ, ಎಲ್ಲ ‘ಸಿ’ ಸೆಕ್ಷನ್ನು!

“ಪಾಠದ ಪುಸ್ತಕಾನೇ ಮುಟ್ಟದ ಮಕ್ಕಳಮ್ಮ ಅವು. ಎರಡು ದಿನಕ್ಕೊಂದು ಪುಸ್ತಕ ಓದ್ತವೆ ಅಂದ್ರೆ ನಾನು ನಂಬಬೇಕಾ?” ಎಂದರು. “ಸುಳ್ಳು ಲೆಕ್ಕ ಅಂತ ಗೊತ್ತಾದ್ರೆ ಈ ಕೋಣೇನ ಉತ್ತರ ಪತ್ರಿಕೆ ಇಡೋಕೆ ತಗೋತೀನಿ. ನೀವು ಆಫೀಸಲ್ಲಿ ಟೈಪಿಂಗ್ ನೋಡ್ಕೊಳ್ಳಿ.”

ಹನ್ನೆರಡು ವರ್ಷ ಆ ಕಪಾಟುಗಳ ಧೂಳು ಹೊಡೆದವಳು ನನ್ನ ನಾದಿನಿ. ನನಗೇ ತಡೆಯಲಾಗಲಿಲ್ಲ.

“ಸಾರ್, ಪುಸ್ತಕದ ಬೆನ್ನು ನೋಡಿ, ಅದೇ ಸಾಕ್ಷಿ ಹೇಳುತ್ತೆ” ಎಂದು ಮೇಜಿನ ಮೇಲಿದ್ದ ಲೈನ್‌ಮನ್ ತಾತನ ‘ಕಂಬ ಸಂಖ್ಯೆ ನಲವತ್ತು’ ಎತ್ತಿ ಕೊಟ್ಟೆ.

ಅವರು ಬೆರಳಿನಿಂದ ತಟ್ಟಿ ನೋಡಿದರು. “ಹೊಸದರ ಹಾಗಿದೆಯಲ್ರೀ!”

ಅದನ್ನೂ ಅದೇ ತಾತನ ‘ಅಕ್ಕನ ದೋಣಿ’ಯನ್ನೂ ಅಂದು ಬೆಳಗ್ಗೆಯಷ್ಟೇ ಬಿಚ್ಚಿ, ಹೊಲಿದು, ಹೊಸ ರಟ್ಟು ಹಾಕಿದ್ದೆ. ಇದ್ದ ಸಾಕ್ಷಿಯನ್ನು ನನ್ನ ಕೈಯಾರೆ ಅಳಿಸಿದ್ದೆ.

“ಹೋಗ್ಲಿ ಬಿಡಿ, ಮಕ್ಕಳನ್ನೇ ಕರೀರಿ” ಎಂದರು ಹೆಡ್‌ಮಾಸ್ಟರು.

ಬಂದರು. ಅವರು ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದರು: ಕಥಾನಾಯಕನ ಗುಣಸ್ವಭಾವವೇನು? ಕೃತಿಯ ಸಂದೇಶವೇನು? ಪಾಪ, ಪರೀಕ್ಷೆಯ ವಾಸನೆ ಬಡಿದರೆ ಸಾಕು, ಆ ಮಕ್ಕಳ ಬಾಯಿಗೆ ಬೀಗ. ಗೊರಕೆ ಚಪ್ಪಲಿ ನೋಡಿಕೊಂಡ. ಬೆಂಕಿಪೊಟ್ಟಣ ಕೂಡ ಹೊತ್ತಿಕೊಳ್ಳಲಿಲ್ಲ. ನಾದಿನಿಯ ಕಣ್ಣಂಚು ಒದ್ದೆಯಾಗಿತ್ತು.

“ನೋಡಿದ್ರಾ?” ಎಂದರು ಹೆಡ್‌ಮಾಸ್ಟರು. “ಕೊನೇ ಅವಕಾಶ ಕೊಡ್ತೀನಿ. ನಾನೇ ಒಂದಿಷ್ಟು ಓದ್ತೀನಿ, ಮುಂದೇನಾಗುತ್ತೆ ಅಂತ ಒಬ್ಬರಾದ್ರೂ ಹೇಳಿ.” ಪುಸ್ತಕದ ನಡುವೆ ಬಿಡಿಸಿ ಓದತೊಡಗಿದರು. ಗಾಳಿ ಮಳೆ, ಬಾಗಿದ ಕಂಬ, ಕೆಳಗೆ ಏಣಿ ಹಿಡಿದ ತಮ್ಮ. ಅರವತ್ತನಾಲ್ಕನೇ ಪುಟ ಮುಗಿಯಿತು. ಎದುರಿನ ಪುಟಕ್ಕೆ ದಾಟಿ ಮುಂದುವರಿಸಿದರು: “‘ಹುಟ್ಟು ನನ್ನ ಕೈಗೆ ಕೊಡು’ ಎಂದಳು ಅಕ್ಕ. ಹೊಳೆಯ ನೀರು ಮೊಣಕಾಲಿಗೆ ಬಂದಿತ್ತು...”

“ಸಾರ್, ನಿಲ್ಸಿ!” ಎಂದ ಗೊರಕೆ.

“ಏನೋ?”

“ಅಕ್ಕ ಯಾಕೆ ಬಂದ್ಲು ಸಾರ್ ಇಲ್ಲಿಗೆ? ಅವಳು ದೋಣಿ ಪುಸ್ತಕದವಳು!”

“ಹೌದು ಸಾರ್!” ಬೆಂಕಿಪೊಟ್ಟಣ ಈಗ ಹೊತ್ತಿಕೊಂಡಳು. “ಕಂಬದಲ್ಲಿ ಹೊಳೇನೇ ಇಲ್ಲ. ಇಲ್ಲಿ ತಮ್ಮ ಏಣಿ ಬಿಟ್ಟು ಓಡಿಹೋಗಬೇಕು.”

“ಓಡಿಹೋಗಲ್ಲ ಕಣೇ! ಹಗ್ಗ ತರೋಕೆ ಹೋಗ್ತಾನೆ!” ಎಂದ ಗೊರಕೆ.

“ಮೊದಲು ಹೆದರಿ ಓಡ್ತಾನೆ, ಆಮೇಲೆ ಹಗ್ಗ. ಸರಿಯಾಗಿ ಓದೋ, ನಿದ್ದೆಗಣ್ಣ!”

ಹಿಂದಿನ ಸಾಲಿನವರೂ ಎದ್ದರು. ಓಡಿದ್ದು ಹೇಡಿತನವೋ ಅಲ್ಲವೋ ಎಂದು ಎರಡು ಪಕ್ಷವಾಯಿತು. ಹೆಡ್‌ಮಾಸ್ಟರು ಇದ್ದಾರೆಂಬುದೇ ಮರೆತುಹೋಗಿತ್ತು. ಮಕ್ಕಳು ಒಬ್ಬರ ಬಾಯಿಂದ ಒಬ್ಬರು ಕಸಿದುಕೊಂಡು ಅಲ್ಲಿಂದ ಮುಂದಿನ ಹದಿನಾರು ಪುಟದ ಕಥೆಯನ್ನು ಪೂರ್ತಿ ಹೇಳಿಬಿಟ್ಟರು, ತಮ್ಮನ ಬೈಗುಳವೂ ಸೇರಿದಂತೆ.

ಹೆಡ್‌ಮಾಸ್ಟರು ಪುಸ್ತಕವನ್ನು ಹಿಂದೆ ಮುಂದೆ ತಿರುವಿದರು. “ಪುಟದ ಸಂಖ್ಯೆ ಸರಿಯಾಗೇ ಇದೆಯಲ್ಲ! ಅರವತ್ತೈದು, ಅರವತ್ತಾರು...”

ನಾನು ಎದ್ದು ನಿಂತೆ. “ತಪ್ಪು ನಂದು ಸಾರ್. ಹದಿನಾರು ಪುಟದ ಮಡಿಕೆಗೆ ನಾವು ಫಾರಂ ಅಂತೀವಿ. ಈ ಪುಸ್ತಕ, ‘ಅಕ್ಕನ ದೋಣಿ’, ಎರಡೂ ಒಂದೇ ಅಳತೆ, ಒಂದೇ ಅಚ್ಚು. ಇವಳ ಜೊತೆ ಮಾತಾಡ್ತಾ ಬರೀ ಸಂಖ್ಯೆ ನೋಡಿ ಜೋಡಿಸಿಬಿಟ್ಟೆ. ಇದರ ಐದನೇ ಫಾರಂ ಅದಕ್ಕೆ ಹೋಗಿದೆ, ಅದರದ್ದು ಇದಕ್ಕೆ.”

ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಇಂಥ ತಪ್ಪು ಮಾಡಿರಲಿಲ್ಲ. ನಾಚಿಕೆಯಿಂದ ಕುಗ್ಗಬೇಕಿತ್ತು. ಆದರೆ ನಿಜ ಹೇಳುತ್ತೇನೆ, ಎದೆ ಉಬ್ಬಿ ಕುಪ್ಪಸ ಬಿಗಿಯಾದಂತಿತ್ತು. ನನ್ನ ಕಣ್ಣಿಗೆ ಬೀಳದ್ದು, ಪುಸ್ತಕವನ್ನು ತಲೆದಿಂಬು ಮಾಡಿಕೊಳ್ಳುತ್ತಿದ್ದವನ ಕಿವಿಗೆ ಬಿದ್ದಿತ್ತು!

ಹೆಡ್‌ಮಾಸ್ಟರು ಕುರ್ಚಿ ಎಳೆದುಕೊಂಡು ಕೂತರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ರಿಜಿಸ್ಟರಿನ ಕೊನೆಯ ಸಾಲಿನ ಕೆಳಗೆ ತಮ್ಮ ರುಜು ಹಾಕಿ, “ತಪ್ಪಾಯ್ತು ಮೇಡಂ” ಎಂದು ಮಕ್ಕಳ ಎದುರಿಗೇ ಹೇಳಿದರು. ನಾದಿನಿ ತಲೆಯಾಡಿಸಿದಳು.

ಅವರು ಏಳಲಿಲ್ಲ. “ಆ ದೋಣಿ... ದಡ ಸೇರುತ್ತಾ?” ಎಂದು ಮೆಲ್ಲಗೆ ಕೇಳಿದರು.

“ಹೇಳಲ್ಲ ಸಾರ್!” ಇಡೀ ‘ಸಿ’ ಸೆಕ್ಷನ್ ಒಟ್ಟಿಗೆ ಕೂಗಿತು.

“ಹಾಗಾದ್ರೆ ನಂಗೇ ಕೊಡಿ ಮೇಡಂ, ಅತ್ತಿಗೆಯವರು ಸರಿ ಮಾಡಿದ ಮೇಲೆ.”

ನಾದಿನಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ರಿಜಿಸ್ಟರನ್ನು ತನ್ನ ಕಡೆಗೆ ಎಳೆದುಕೊಂಡಳು. ಸಾಲಿನ ಮೇಲೆ ಬೆರಳಾಡಿಸಿ, ಹನ್ನೆರಡು ವರ್ಷದಲ್ಲಿ ನಾನು ಕೇಳಿರದ ಗತ್ತಿನಲ್ಲಿ ಹೇಳಿದಳು: “ಹೆಸರು ಬರ್ಕೋತೀನಿ ಸಾರ್. ಆದ್ರೆ ಸಾಲಲ್ಲಿ ಬರಬೇಕು. ನಿಮಗಿಂತ ಮುಂಚೆ ಏಳು ಜನ ಇದ್ದಾರೆ.”