ಗಾಲಿಹ್ ಸುಧಾರಿಸಿದ ಸ್ಕ್ರಿಪ್ಟ್

ಬೆಸುಗೆಯ ಹೊಗೆಯ ವಾಸನೆ ಎಂದರೆ ನನಗೆ ಇಂಡೊನೇಷ್ಯಾದ ಸೆಮರಾಂಗ್‌ನಲ್ಲಿದ್ದ ಅಪ್ಪನ ರೇಡಿಯೋ ಅಂಗಡಿ. ರಿಪೇರಿಯಾದ ರೇಡಿಯೋವನ್ನು ಅವರು ಗಿರಾಕಿಯ ಮನೆಯಲ್ಲೇ ಹಾಡಿಸಿ ನೋಡುತ್ತಿದ್ದರು. ನಮ್ಮ ಕಂಪನಿಯ ಎಂಜಿನಿಯರ್ ಗಾಲಿಹ್ ಹಾಗೆ ನೋಡಲಿಲ್ಲ. ಯಂತ್ರವನ್ನು ನಡೆಸುವ ಫರ್ಮ್‌ವೇರ್ ಕಡತಗಳನ್ನೂ ಅವುಗಳಿಗೆ ದಾರಿ ತೋರಿಸುವ ಕೊಂಡಿಗಳನ್ನೂ ಕೂರಿಸುವ ನನ್ನ ಸ್ಕ್ರಿಪ್ಟನ್ನು ಸುಧಾರಿಸಿ, ಸ್ಥಳದಲ್ಲಿ ಪರೀಕ್ಷಿಸದೆ ಹಾಕಿದ. ದೂರದ ದ್ವೀಪವೊಂದರ ಹೆರಿಗೆ ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ ನಿಂತೇಹೋಯಿತು. ಹೊರಗೆ ಹನ್ನೊಂದು ಬಸುರಿಯರು ಕಾಯುತ್ತಿದ್ದರು.

“ನನ್ನ ಲ್ಯಾಪ್‌ಟಾಪಲ್ಲಿ ಸರಿಯಾಗೇ ನಡೀತಲ್ಲ, ಬು ರೆತ್ನೊ!” ಎಂದ ಗಾಲಿಹ್. ‘ಬು’ ಎಂದರೆ ಅಮ್ಮ, ಹಿರಿಯಳಾದ ನನಗೆ ಅವನು ಕೊಡುವ ಗೌರವ.

“ನಡೀದೆ ಏನು? ಕೊಂಡಿಗಳೆಲ್ಲ ನಿನ್ನ ಲ್ಯಾಪ್‌ಟಾಪಿನ ಫೋಲ್ಡರಿಗೇ ಕೈ ತೋರಿಸ್ತಿವೆ. ಅದನ್ನ ಇಲ್ಲಿ ಎಲ್ಲಿ ಹುಡುಕಲಿ, ನಿನ್ನ ಜೇಬಲ್ಲೇನು?”

ಕೊಂಡಿಗಳನ್ನು ಆ ಯಂತ್ರದಲ್ಲೇ ಇರುವ ಕಡತಗಳಿಗೆ ತಿರುಗಿಸಿದೆ. ಕಡತ ಸಿಗದಿದ್ದರೆ ಸ್ಕ್ರಿಪ್ಟ್ ಎಚ್ಚರಿಸಿ ನಿಲ್ಲುವಂತೆಯೂ ಬರೆದೆ. ಯಂತ್ರ ಎದ್ದಿತು.

ಬೆಳಿಗ್ಗೆಯಿಂದ ಏನೂ ತಿನ್ನದಿದ್ದ ಗಾಲಿಹ್‌ಗೆ ಆಸ್ಪತ್ರೆಯ ನರ್ಸ್ ಸುಲಸ್ತ್ರಿ ತನ್ನ ಅನ್ನದ ಪೊಟ್ಟಣವನ್ನು ಕೊಟ್ಟಳು.